ಹಾಲಿನಲ್ಲಿಟ್ಟ ಹಲ್ಲು

ಗುಮಾಸ್ತ ಎಳೆದದ್ದು ಕಬ್ಬಿಣದ ಬೀರುವಿನ ಡ್ರಾಯರನ್ನು. ಕಿತ್ತು ಬಂದದ್ದು ಅದರ ಹಿಡಿ ಮಾತ್ರ. ಎಳೆದ ರಭಸಕ್ಕೆ ಹಿಡಿಯ ಸಮೇತ ಮುಷ್ಟಿ ಬಾಯಿಗೆ ಬಡಿದು ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ತನ್ನ ಹಲ್ಲನ್ನು ತಾನೇ ಗುದ್ದಿ ಮುರಿದುಕೊಂಡವನು ಯಾರನ್ನು ಬೈಯಬೇಕು?

ಅದೂ ಇವತ್ತೇ! ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕಡತದ ಕೋಣೆಯಲ್ಲಿ, ಅವನು ಕೆಮ್ಮುತ್ತಲೇ ಅರ್ಧ ಆಯುಷ್ಯ ಕಳೆದಿದ್ದ. ಈಗ ಮೇಲಿನ ದೂರು ಕೌಂಟರಿನ ಕುರ್ಚಿ ಖಾಲಿಯಾಗಿತ್ತು. ಅದು ಯಾರಿಗೆಂದು ಮ್ಯಾನೇಜರು ಸಂಜೆ ಹೇಳುವವರಿದ್ದರು. "ಮೇಲೆ ಬಿಸಿಲಲ್ಲಿ ಕೂತ್ರೆ ಈ ಕೆಮ್ಮಾದ್ರೂ ಹೋಗುತ್ತೆ ಕಣ್ರೀ" ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಕಡಲೆ ಸಿಗುವ ಹೊತ್ತಿಗೆ ಸರಿಯಾಗಿ ಹಲ್ಲು ಹೋಗಿತ್ತು.

ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲು ಹತ್ತಿದ್ದೇ ತಡ, ಕಚೇರಿಯಲ್ಲಿದ್ದವರೆಲ್ಲ ವೈದ್ಯರಾದರು.

"ಗೋಂದು ಹಚ್ಚಿ ಅಂಟಿಸ್ಕೊಳ್ಳಿ" ಎಂದ ಮೀಟರ್ ರೀಡರ್.

"ಸುಮ್ನಿರಪ್ಪಾ ನೀನು" ಎಂದು ಟೈಪಿಸ್ಟ್ ಅಕ್ಕ ಗದರಿದರು. "ಚೂರನ್ನ ಹಾಲಲ್ಲಿಟ್ಟು ತಗೊಂಡ್ಹೋದ್ರೆ ಡಾಕ್ಟ್ರು ಅದನ್ನೇ ಕೂರಿಸ್ತಾರೆ. ನಮ್ಮ ಭಾವನಿಗೆ ಹಂಗೇ ಮಾಡಿದ್ರು."

ಅಕ್ಕ ಲೋಟಕ್ಕೆ ಹಾಲು ಸುರಿದು ಚೂರನ್ನು ಅದರಲ್ಲಿ ಹಾಕಿಟ್ಟರು. ಗುಮಾಸ್ತ ಬಾಯಿ ತೊಳೆದು ಬರುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಪಕ್ಕದಲ್ಲಿ ಸ್ಟೋರ್ ಕೀಪರ್ ಮೀಸೆ ಒರೆಸಿಕೊಳ್ಳುತ್ತಿದ್ದರು.

"ಹೊಟ್ಟೆ ಉರಿ ಕಣಯ್ಯಾ, ತಣ್ಣಗಿನ ಹಾಲು ಕಂಡ್ತು, ಕುಡಿದ್ಬಿಟ್ಟೆ. ಸಕ್ಕರೆ ಸರಿಯಾಗಿ ಕರಗಿಲ್ಲ ಅನ್ಕೊಂಡೆ."

ಗುಮಾಸ್ತ ಬರಿಗೈಯಲ್ಲೇ ಹಲ್ಲಿನ ಆಸ್ಪತ್ರೆಗೆ ಓಡಿದ.

"ಮುರಿದ ಚೂರೆಲ್ಲಿ?" ಎಂದರು ದಂತವೈದ್ಯೆ.

"ಸ್ಟೋರ್ ಕೀಪರ್ ಹೊಟ್ಟೇಲಿ."

ಅವರು ನಗು ನುಂಗಿಕೊಂಡು ಹಲ್ಲಿಗೆ ತಣ್ಣಗಿನ ಹತ್ತಿ ಮುಟ್ಟಿಸಿದರು. ಗುಮಾಸ್ತ ಹೌಹಾರಿದ.

"ನರಕ್ಕೇನೂ ಆಗಿಲ್ಲ, ನಿಮ್ಮ ಪುಣ್ಯ. ಹೋಗಿರೋ ಭಾಗಾನ ಹೊಸದಾಗಿ ಕಟ್ಟೋಣ. ನಿಮ್ಮ ಉಳಿದ ಹಲ್ಲುಗಳಿಗೆ ಈ ಹಳದಿ ಬಣ್ಣ ಹೊಂದುತ್ತೆ."

"ಬೇಡ ಡಾಕ್ಟ್ರೇ, ಎಲ್ಲಕ್ಕಿಂತ ಬಿಳೀದು ಹಾಕಿ. ನಾಳೆಯಿಂದ ಕೌಂಟರಲ್ಲಿ ಕೂರೋನು ನಾನು."

ವೈದ್ಯೆ ಬೇಡವೆಂದರೂ ಅವನು ಹಟ ಬಿಡಲಿಲ್ಲ. ಅವರು ಪದರದ ಮೇಲೆ ಪದರ ಹಚ್ಚಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ, ಉಜ್ಜಿ ನುಣುಪು ಮಾಡಿದರು. ಹಳೇ ಗೋಡೆಗೆ ಹಾಕಿದ ಹೊಸ ಟ್ಯೂಬ್‌ಲೈಟಿನಂತೆ ಆ ಹಲ್ಲೊಂದೇ ಹೊಳೆಯಿತು.

ಸಂಜೆ ಗುಮಾಸ್ತ ಮ್ಯಾನೇಜರ ಮುಂದೆ ನಿಂತು, ಇರುವ ಹಲ್ಲನ್ನೆಲ್ಲ ತೋರಿಸಿ ನಕ್ಕ. ಮ್ಯಾನೇಜರು ತಲೆಯ ಮೇಲೆ ಕೈಹೊತ್ತರು.

"ಅಯ್ಯೋ, ಕಟ್ಟಿಸ್ಕೊಂಡೇ ಬಿಟ್ರಾ?"

"ಕೌಂಟರಿಗೋಸ್ಕರಾನೇ ಸಾರ್."

"ಬೆಳಿಗ್ಗೆ ನೀರು ಬಂದಿಲ್ಲ ಅಂತ ಒಬ್ಬ ಜಗಳಕ್ಕೆ ಬಂದಿದ್ದ ಕಣ್ರೀ. ನಿಮ್ಮ ಬಾಯಿ ನೋಡಿ, 'ಪಾಪ, ಇವರ ಕಷ್ಟಾನೇ ಇವರಿಗೆ ಸಾಕಾಗಿದೆ' ಅಂತ ವಾಪಸ್ ಹೋದ. ಆಗ್ಲೇ ಆ ಕುರ್ಚಿ ನಿಮಗೇ ಅಂತ ತೀರ್ಮಾನ ಮಾಡಿದ್ದೆ."

ಗುಮಾಸ್ತನ ನಗು ಅರ್ಧಕ್ಕೇ ನಿಂತಿತು. "ಈಗ್ಲೂ ಕೂರ್ತೀನಿ ಸಾರ್..."

"ಈ ಹಲ್ಲಿಟ್ಕೊಂಡಾ? ನೀರಿಲ್ದೆ ಬಂದೋರ ಮುಂದೆ ಹಿಂಗೆ ಹೊಳೀತಾ ಕೂತ್ರೆ, ಅವರೇ ಗುದ್ದಿ ಮುರೀತಾರೆ. ಕುರ್ಚಿ ಸ್ಟೋರ್ ಕೀಪರಿಗೆ ಕೊಟ್ಟೆ. ಹಲ್ಲು ನುಂಗಿದೀನಿ ಅಂತ ಗೊತ್ತಾದಾಗಿಂದ ಹೊಟ್ಟೆ ಹಿಡ್ಕೊಂಡು ಎಂಥಾ ಮುಖ ಮಾಡ್ಕೊಂಡಿದಾರೆ ನೋಡಿ! ಅವರ ಹತ್ರ ಯಾರಿಗ್ರೀ ಜಗಳ ಆಡೋಕೆ ಮನಸ್ಸು ಬರುತ್ತೆ?"

ಗುಮಾಸ್ತ ಬಾಯಿ ಮುಚ್ಚಿಕೊಂಡು ನೆಲಮಾಳಿಗೆಗೆ ಇಳಿದ. ಅಲ್ಲಿ ಆ ಹಲ್ಲನ್ನು ನೋಡುವವರು ಯಾರೂ ಇರಲಿಲ್ಲ.