ಉತ್ತರ ಕೊಡದ ಮಾವ

ನಮ್ಮ ಸೋದರಮಾವನವರಿಗೆ ತಿಳಿಯದ ವಿಷಯವೇ ಇರಲಿಲ್ಲ. ಆದರೆ ಅವರಿಂದ ಒಂದೇ ಒಂದು ನೆಟ್ಟಗಿನ ಉತ್ತರ ಪಡೆದ ಪುಣ್ಯವಂತರನ್ನು ನಾನು ಮಧುಗಿರಿಯಲ್ಲಿ ಕಾಣಲಿಲ್ಲ! ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು, ಜೊತೆಗೆ ಲೈಬ್ರರಿಯ ಉಸ್ತುವಾರಿ. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಅವರ ಮನೆಯಲ್ಲೇ ಇದ್ದೆವು. ಹಾಗಾಗಿ ಮನೆಯಲ್ಲೂ ಅವರೇ, ಕಾಲೇಜಿನಲ್ಲೂ ಅವರೇ. ನನ್ನ ಪಾಡು ಯಾರಿಗೆ ಹೇಳಲಿ!

"ಸಾ, ಮಳೆ ಬಗ್ಗೆ ಒಂದು ಪುಸ್ತಕ ಕೊಡಿ" ಎಂದು ಪಾವಗಡದ ವಿದ್ಯಾರ್ಥಿ ತಿಮ್ಮಾರೆಡ್ಡಿ ಕೇಳಿದ್ದೇ ತಡ, ಮಾವ ಕನ್ನಡಕ ಏರಿಸಿದರು.

"ಯಾವ ಮಳೆ? ಎಲ್ಲೀ ಮಳೆ? ಬಿದ್ದ ಮಳೆಯೋ, ಬೀಳದ ಮಳೆಯೋ?"

"ನಮ್ ಕಡೆ ಮಳೆ ಸಾ."

"ಹಂಗಾದ್ರೆ ಮಳೆ ಅಂತ ಯಾಕಯ್ಯಾ ಹುಡುಕ್ತೀಯ? ಬರ ಅಂತ ಹುಡುಕು!"

ಪಾಪ, ಹುಡುಗ ಬೀರುವೆಲ್ಲ ಜಾಲಾಡಿ, ಮೈಯೆಲ್ಲ ಧೂಳು ಮಾಡಿಕೊಂಡು ಪುಸ್ತಕ ತಂದ. ಮಾವ ಬಿಟ್ಟಾರೆಯೇ? "ಇದನ್ನ ಬರೆದೋನು ನಿಮ್ಮೂರ ಕಡೆ ಒಂದ್ಸಲವಾದ್ರೂ ಬಂದಿದ್ನಾ, ನೋಡ್ದೇನಯ್ಯ?" ಎಂದು ಮತ್ತೆ ಒಳಗಟ್ಟಿದರು.

ಈ ಲೈಬ್ರರಿ ವಿದ್ಯೆ ಅಡುಗೆಮನೆಗೂ ನುಗ್ಗಿತು. ಬೇಕಾದದ್ದು ಥಟ್ಟನೆ ಸಿಗಲಿ ಎಂದು ಒಂದು ಭಾನುವಾರ ಡಬ್ಬಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿದರು. ಅಕ್ಕಿಯ ಪಕ್ಕ ಅವರೆ, ಉದ್ದಿನ ಪಕ್ಕ ಉಪ್ಪು. ಅತ್ತೆಯ ಕೈಗೆ ಅಕ್ಷರ ಗೊತ್ತೇ? ಅದು ಸಕ್ಕರೆ ಇರುತ್ತಿದ್ದ ಜಾಗಕ್ಕೇ ಹೋಗಿ ಉಪ್ಪಿನ ಡಬ್ಬ ಎತ್ತಿತು. ಅಂದು ಮನೆಗೆ ಬಂದಿದ್ದ ಪ್ರಿನ್ಸಿಪಾಲರು ಒಂದು ಗುಟುಕು ಕಾಫಿ ಕುಡಿದು ಎದ್ದವರು ತಿರುಗಿ ನೋಡಲಿಲ್ಲ!

"ಹುಡುಕೋದೇ ಬೇಡದಂಗೆ ಇಟ್ಕೊಂಡಿದ್ದೆ, ಹುಡುಕೋ ಹಂಗೆ ಮಾಡ್ಬುಟ್ರಲ್ಲ!" ಎಂದು ಅತ್ತೆ ಮೂರು ಹೊತ್ತೂ ಹಣೆ ಚಚ್ಚಿಕೊಂಡರು.

ನಾನು ಎರಡನೇ ಬಿ.ಎ.ಯಲ್ಲಿದ್ದಾಗ ಕೊರಟಗೆರೆಯಿಂದ ಒಂದು ಸಂಬಂಧ ಬಂತು. ಹುಡುಗ ಕಚೇರಿಯಲ್ಲಿ ಗುಮಾಸ್ತ. ಒಪ್ಪಿಗೆಯಾದರೆ ಬೇಸಿಗೆಯಲ್ಲೇ ಮದುವೆ, ನನ್ನ ಓದಿಗೆ ಎಳ್ಳುನೀರು! ಅಮ್ಮನಿಗೋ ಎಲ್ಲಿಲ್ಲದ ಆತುರ. ಮಾವ ಮಾತ್ರ "ವಿಚಾರಿಸೋಣ" ಅಂದರು. ನನಗೆ ಹೋದ ಜೀವ ಬಂತು. ಮಾವ ವಿಚಾರಿಸಲು ಕೂತರೆ ದೇವರಲ್ಲೂ ಒಂದು ಹುಳುಕು ಸಿಗುತ್ತದೆ!

ತಿಮ್ಮಾರೆಡ್ಡಿಯನ್ನೂ ಇನ್ನೊಬ್ಬ ಶಿಷ್ಯ ಶಿರಾದ ಬಾಷಾನನ್ನೂ ಜಗಲಿಗೆ ಕರೆಸಿ ಪಾಠ ಶುರು ಮಾಡಿದರು. "ಮದುವೆ ವಿಷಯ ಅಂತ ಬಾಯಿ ಬಿಡಬೇಡಿ ಕಣ್ರಯ್ಯ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಜನ ನಾವು! ಆ ಹುಡುಗನಿಗೆ ಮನೆ ಬಾಡಿಗೆಗೆ ಕೊಡಬಹುದಾ ಅಂತ ಕೇಳಿ. ಹೆಣ್ಣು ಕೊಡೋ ವಿಷಯಕ್ಕೆ ಸುಳ್ಳು ಹೇಳೋರೂ ಮನೆ ಕೊಡೋ ವಿಷಯಕ್ಕೆ ನಿಜ ಹೇಳ್ತಾರೆ."

ಇಬ್ಬರೂ ಬಸ್ ಹತ್ತಿದರು. ಸಂಜೆ ಅವರು ಬಂದಾಗ ನಾನು ಬಾಗಿಲ ಹಿಂದೆ ಕಿವಿಯಾಗಿ ನಿಂತಿದ್ದೆ.

"ಏನೂ ಐಬಿಲ್ಲ ಸಾ" ಎಂದ ಬಾಷಾ. "ಹೋಟ್ಲು, ಕ್ಷೌರದಂಗ್ಡಿ, ಎಲ್ಲಾ ಕಡೆ ಕೇಳ್ದೊ. ಇಸ್ಪೀಟಿಲ್ಲ, ಬೀಡಿ ಇಲ್ಲ, ಜಗಳ ಇಲ್ಲ."

"ಪಕ್ಕದ್ಮನೆ ಅಜ್ಜಿ, 'ಕಣ್ಮುಚ್ಕೊಂಡು ಮನೆ ಕೊಟ್ಬುಡಿ, ನೀವು ಕೊಡ್ದಿದ್ರೆ ನಮ್ಮನೇನೇ ಕೊಡ್ತೀನಿ' ಅಂದ್ಲು ಸಾ!" ಎಂದ ತಿಮ್ಮಾರೆಡ್ಡಿ.

ಅಯ್ಯೋ ಪುಣ್ಯಾತ್ಮ, ಒಂದು ಬೀಡಿಯಾದರೂ ಸೇದಬಾರದಿತ್ತೇ! ಮಾವನ ಶಿಷ್ಯರು ಇಷ್ಟು ಚೆನ್ನಾಗಿ ಕಲಿತದ್ದು ನನ್ನ ಗ್ರಹಚಾರ. ಅಮ್ಮ ಆಗಲೇ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಹಿತ್ತಿಲಿಗೆ ಹೋಗಿ, ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಮಾವ ಬಂದು ಬಾವಿಕಟ್ಟೆಯ ಮೇಲೆ ಕೂತರು.

"ಊರೆಲ್ಲಾ ಕೇಳಿಸ್ಬುಟ್ಟೆ ಕಣಮ್ಮ. ನಿನ್ನ ಒಂದ್ಮಾತು ಕೇಳ್ಲಿಲ್ಲ."

"ಹುಡುಗ ಒಳ್ಳೆಯವ್ನೇ ಇರಬಹುದು ಮಾವ. ನಂಗೆ ಓದಬೇಕು" ಎಂದೆ.

ಮಾವ ಎದ್ದು ಒಳಗೆ ಹೋಗಿ ಅಮ್ಮನಿಗೆ, "ಓದು ಮುಗೀಲಿ ಕಣೇ, ಈಗ ಬೇಡ ಅಂತ ಹೇಳಿ ಕಳಿಸ್ತೀನಿ" ಅಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಇಂಥ ಸಂಬಂಧ ಮತ್ತೆ ಬರುತ್ತೇನಣ್ಣ? ಅಪ್ಪ ಇಲ್ಲದ ಹುಡುಗಿ ಅದು."

"ಅಪ್ಪ ಇಲ್ಲ ಅಂತ ಯಾರೇ ಹೇಳಿದ್ದು?" ಮಾವನ ದನಿ ನಡುಗಿತು. "ನಾನ್ ಇಲ್ಲೇ ಇದೀನಲ್ಲೇ!"

ನಾನು ಬಾಗಿಲಲ್ಲೇ ನಿಂತು ಗಳಗಳನೆ ಅತ್ತುಬಿಟ್ಟೆ.