ನಮ್ಮನೆಯ ಉಳಿಗಾಲ

ಗಂಡನಿಗೊಂದು ಹವ್ಯಾಸ ಇದ್ದರೆ ಮನೆ ನೆಮ್ಮದಿಯಾಗಿರುತ್ತದೆ ಎಂದು ಯಾವ ಪುಣ್ಯಾತ್ಮಳು ಹೇಳಿದಳೋ, ಅವಳಿಗೆ ಮದುವೆಯಾಗಿರಲಿಕ್ಕಿಲ್ಲ. ಆಗಿದ್ದರೂ ಅವಳ ಗಂಡನ ಹವ್ಯಾಸ ನಿದ್ದೆ ಇರಬೇಕು. ನಮ್ಮನೆಯವರಿಗೂ ಇಷ್ಟು ವರ್ಷ ಅದೇ ಇತ್ತು. ನಾನೇ ಕೈಯಾರೆ ಕೆಡಿಸಿಕೊಂಡೆ.

ನಮ್ಮತ್ತೆಗೆ ಮಂಡಿನೋವು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುತ್ತಾರೆ, ಇನ್ನೊಂದು ಕೈಯಲ್ಲಿ ನನ್ನ ಜುಟ್ಟು. (ಗೋಡೆಯನ್ನು ಮೆಲ್ಲಗೆ ಹಿಡಿಯುತ್ತಾರೆ.) ಒಂದು ದಿನ ತಡೆಯಲಾರದೆ ಇವರಿಗೆ ಹೇಳಿದೆ.

"ರೀ, ಬಾಗಿಲ ಹತ್ರ ಒಂದು ಸ್ಟೂಲ್ ತಂದುಹಾಕ್ರೀ. ಅತ್ತೆ ಕೂತ್ಕೊಂಡು ಚಪ್ಪಲಿ ಹಾಕ್ಕೋತಾರೆ."

"ತರೋದ್ಯಾಕೆ? ನಾನೇ ಮಾಡ್ತೀನಿ."

ನಾನು ನಕ್ಕುಬಿಟ್ಟೆ. ಗಂಡಸರ ಮಾತಿಗೆ ಅಳಬಹುದು, ಜಗಳವಾಡಬಹುದು, ಕಿವಿಗೆ ಹತ್ತಿ ತುರುಕಿಕೊಳ್ಳಬಹುದು. ನಗಬಾರದು. ನಕ್ಕರೆ ಅವರು ಮಾಡಿಯೇ ತೀರುತ್ತಾರೆ.

ಇವರು ಒಂದು ದೊಡ್ಡ ಆಫೀಸಿನ ರೆಕಾರ್ಡ್ ರೂಮಿನ ಅಧಿಪತಿ. ಹಳೆಯ ಫೈಲುಗಳನ್ನು ಸಾಲಾಗಿ ಜೋಡಿಸುವುದು, ಜೋಡಿಸಿದ್ದನ್ನು ಯಾರೂ ಮುಟ್ಟದಂತೆ ಕಾಯುವುದು ಇವರ ಕೆಲಸ. ಫೈಲು ಕೇಳಲು ಬಂದವರನ್ನು ಜೇಬುಗಳ್ಳರನ್ನು ನೋಡುವಂತೆ ನೋಡುತ್ತಾರಂತೆ. ಇಂಥವರು ಸ್ಟೂಲು ಮಾಡಲು ಹೊರಟರೆ ಮೊದಲು ಏನು ಮಾಡುತ್ತಾರೆ? ಸ್ಟೂಲಂತೂ ಅಲ್ಲ.

"ಮೊದಲು ವರ್ಕ್‌ಶಾಪ್ ಆಗ್ಬೇಕು. ವ್ಯವಸ್ಥೆ ಇಲ್ದೆ ಕೆಲಸ ಮಾಡೋನು ಕೈ ಕುಯ್ಕೋತಾನೆ," ಎಂದರು. ಹೇಳಿದವರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಟೇಪು ಬಿಚ್ಚಿದರು.

ಹಿಂದಿನ ಕೋಣೆ ನನ್ನದು. ನನ್ನ ಹೊಲಿಗೆ ಮಿಷನ್ನು, ಮಧ್ಯಾಹ್ನ ಕಾಲು ಚಾಚಲು ಒಂದು ಚಾಪೆ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಈ ಮನೆಯಲ್ಲಿ ನನ್ನ ಸಾಮ್ರಾಜ್ಯವೆಂದರೆ ಅಷ್ಟೇ. ಆ ಚಿಲಕದ ಸುಖ ಅತ್ತೆ ಜೊತೆಗಿರುವ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ವಿವರಿಸಿ ಪ್ರಯೋಜನವಿಲ್ಲ. ನಾನು ಕಿರುಚಾಡಿದೆ. ಅತ್ತೆ, "ಗಂಡಸು ಏನೋ ಮಾಡ್ತೀನಿ ಅಂತಿದಾನೆ, ಅಡ್ಡಗಾಲು ಹಾಕ್ಬೇಡ ಕಣೇ," ಎಂದರು. ಮಿಷನ್ನು ಮಲಗುವ ಕೋಣೆಗೆ ಗಡೀಪಾರಾಯಿತು. ಚಾಪೆ ಅಟ್ಟಕ್ಕೆ ಹೋಯಿತು. ಚಿಲಕ ಮಾತ್ರ ಅಲ್ಲೇ ಉಳಿದು, ಇವರ ಸೇವೆಗೆ ಸೇರಿಕೊಂಡಿತು.

ಆಮೇಲೆ ದಿಗ್ವಿಜಯ ಶುರುವಾಯಿತು. ಗರಗಸ ಬಂತು, ಉಳಿಗಳು ಬಂದವು, ಮರವನ್ನು ಕೆತ್ತಿ ನಯ ಮಾಡುವ ಹತ್ತರಿ ಬಂತು. ಡ್ರಿಲ್ಲಿಂಗ್ ಮಿಷನ್ ಬಂತು. (ಕೊರೆಯುವುದಕ್ಕೆ ಇವರಿಗೆ ಯಂತ್ರ ಬೇರೆ ಬೇಕಿತ್ತೇ? ಮದುವೆಯಾದಂದಿನಿಂದ ಬರಿಬಾಯಲ್ಲೇ ಕೊರೆಯುತ್ತಿದ್ದಾರೆ.) ಇನ್ನು ಮೊಳೆಗಳು! ಮೊಳೆರೋಗ ಬಂದವರು ಕೂರಲಾರರು ಎನ್ನುತ್ತಾರೆ ವೈದ್ಯರು. ಇವರಿಗೆ ಬಂದದ್ದು ಅದರ ಅಣ್ಣ. ಮನೆಯಲ್ಲಿ ಬೇರೆ ಯಾರೂ ಕೂರುವ ಹಾಗಿರಲಿಲ್ಲ. ಸೋಫಾದ ಮೇಲೆ, ಕುರ್ಚಿಯ ಮೇಲೆ, ಎಲ್ಲೆಲ್ಲೂ ಮೊಳೆಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಹರಡಿದ್ದರು. ಅವುಗಳಿಗೆ ವಸತಿ ಒದಗಿಸಲು ನನ್ನ ಅಡುಗೆಮನೆಯ ಡಬ್ಬಿಗಳು ಒಂದೊಂದಾಗಿ ಮಾಯವಾದವು. ಒಂದು ಬೆಳಿಗ್ಗೆ ಅತ್ತೆ ಟೀ ಕುಡಿಯುತ್ತಿದ್ದವರು ತಟ್ಟನೆ ನಿಲ್ಲಿಸಿ, ಬಾಯಿಂದ ಏನೋ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ನನ್ನ ಹಲ್ಲು ಉದುರ್ತು ಅನ್ಸುತ್ತೆ."

"ಅಲ್ಲ ಅತ್ತೆ, ಅದು ಸ್ಕ್ರೂ."

"ಸದ್ಯ!" ಎಂದು ಅದನ್ನು ತೊಳೆದು ಮಗನಿಗೆ ಕೊಟ್ಟು ಬಂದರು. ಮಗನ ಮೇಲೆ ಒಂದು ಮಾತಿಲ್ಲ. ಅದೇ ಸ್ಕ್ರೂ ನಾನು ಹಾಕಿದ್ದಾಗಿದ್ದರೆ ನೆಂಟರಿಗೆಲ್ಲ ಫೋನು ಹೋಗುತ್ತಿತ್ತು.

ಸಲಕರಣೆಗಳು ಬಂದ ಮೇಲೆ, ಕೆಲಸ ಮಾಡಲು ಒಂದು ಗಟ್ಟಿಮುಟ್ಟಾದ ಮೇಜು ಬೇಕೆಂದಾಯಿತು. ಮೇಜು ಮಾಡಲು ಮೇಜು ಬೇಕು. ಈ ಧರ್ಮಸಂಕಟದಿಂದ ಪಾರಾಗಲು ಇವರು ಮುಖ್ಯರಸ್ತೆಯ ಬಡಗಿಯನ್ನು ಕರೆತಂದರು. ಆತ ಕೋಣೆಯನ್ನು ನೋಡಿ, ಇವರನ್ನು ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡ.

"ಸಾರ್, ಕೊನೆಗೆ ನಿಮಗೆ ಬೇಕಾಗಿರೋದು ಏನು?"

"ಒಂದು ಸ್ಟೂಲು."

"ಅದನ್ನೇ ಮಾಡಿಕೊಟ್ಬಿಡ್ತೀನಲ್ಲ ಸಾರ್. ಊಟದ ಹೊತ್ತಿಗೆ ಮುಗಿಯುತ್ತೆ."

"ಅದು ನಾನು ಮಾಡೋದು. ನೀವು, ನಾನು ಅದನ್ನ ಮಾಡೋಕೆ ಬೇಕಾಗಿರೋದನ್ನ ಮಾಡಿ!"

ಬಡಗಿ ನನ್ನ ಕಡೆ ತಿರುಗಿದ. ಆ ನೋಟದಲ್ಲಿದ್ದ ಅನುಕಂಪವನ್ನು ನನ್ನ ತವರಿನವರೂ ಎಂದೂ ತೋರಿಸಿರಲಿಲ್ಲ.

ಮೇಜು ಬಂತು. ಆಮೇಲೆ ಗೋಡೆಗೊಂದು ದೊಡ್ಡ ಹಲಗೆ ಬಂತು. ಅದರ ಮೇಲೆ ಪ್ರತಿಯೊಂದು ಸಲಕರಣೆಯನ್ನೂ ನೇತುಹಾಕಿ, ಸುತ್ತಲೂ ಕಪ್ಪು ಬಣ್ಣದಲ್ಲಿ ಅದರದೇ ಆಕಾರದ ಗೆರೆ ಎಳೆದರು. ಸುತ್ತಿಗೆ ತೆಗೆದರೆ ಗೋಡೆಯ ಮೇಲೆ ಸುತ್ತಿಗೆಯ ನೆರಳು ಉಳಿಯುತ್ತಿತ್ತು. ದಿನವೂ ಆಫೀಸಿಂದ ಬಂದು, ಚಿಲಕ ಹಾಕಿಕೊಂಡು, ಒಂದೊಂದನ್ನೇ ತೆಗೆದು ಒರೆಸಿ ಅದರದರ ನೆರಳಿಗೆ ಮರಳಿಸುತ್ತಿದ್ದರು. ಇಷ್ಟೆಲ್ಲ ಆದರೂ ಆ ಕಾರ್ಖಾನೆ ಒಂದು ಚಿಟಿಕೆ ಮರದ ಹೊಟ್ಟನ್ನೂ ಕಂಡಿರಲಿಲ್ಲ. ತಂದ ಹಲಗೆಗಳು ಮೂಲೆಯಲ್ಲಿ ಒರಗಿಕೊಂಡಿದ್ದವು.

"ಯಾವಾಗ್ರೀ ಶುರು ಮಾಡೋದು?"

"ಆತುರ ಪಡಬಾರದು. ಮರ ನಮ್ಮನೆ ಗಾಳಿಗೆ ಒಗ್ಗಿಕೊಳ್ಬೇಕು."

"ನಾನು ಮದುವೆಯಾಗಿ ಬಂದಾಗ ನನಗ್ಯಾರು ಒಗ್ಗಿಕೊಳ್ಳೋಕೆ ಬಿಟ್ರು? ಬಂದ ಮಾರನೇ ದಿನಾನೇ ಒಲೆ ಮುಂದೆ ನಿಲ್ಸಿದ್ರಿ!"

"ಅದಕ್ಕೇ ನೋಡು, ಇವತ್ತಿಗೂ ಸೊಟ್ಟಗಿದೀಯ."

ಎರಡು ದಿನ ಮಾತು ಬಿಟ್ಟೆ. ಇವರಿಗೆ ಗೊತ್ತೇ ಆಗಲಿಲ್ಲ.

ಅಂಥ ಹೊತ್ತಿನಲ್ಲೇ ನಾದಿನಿಯ ಫೋನು ಬಂತು. ಸ್ಟೂಲಿನ ಸುದ್ದಿ ಅತ್ತೆಯ ಬಾಯಿಂದ ಅವಳಿಗೆ ತಲುಪಿತ್ತು.

"ಏನತ್ತಿಗೆ, ಅಣ್ಣ ಬಡಗಿ ಕೆಲಸ ಮಾಡ್ತಿದಾನಂತೆ? ಅವನಿಗೆ ಕ್ಯಾಲೆಂಡರ್ ನೇತುಹಾಕೋಕೂ ಬರ್ತಿರ್ಲಿಲ್ಲ. ನೋಡ್ತಿರಿ, ಅದು ಈ ಜನ್ಮದಲ್ಲಿ ಆಗಲ್ಲ." ಅವಳು ನಗತೊಡಗಿದಳು.

ನನ್ನ ಮೈ ಉರಿದುಹೋಯಿತು. ಗಂಡನನ್ನು ಬೈಯುವ ಹಕ್ಕು ನನ್ನದು. ಸಪ್ತ ಸಾಗರದಾಚೆಯಿಂದ ಯಾರೋ ಬಂದು ಅದಕ್ಕೆ ಕೈ ಹಾಕಿದರೆ ಸುಮ್ಮನಿರಲಾದೀತೇ? (ನಾದಿನಿಯ ಮನೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ.)

"ಆಗೋದೇನು, ಆಗೇ ಹೋಗಿದೆ. ಎಂಥ ಸ್ಟೂಲು ಅಂತೀಯ! ಭಾನುವಾರ ಬಾ, ಅದರ ಮೇಲೆ ಕೂತ್ಕೊಂಡೇ ಮಾತಾಡು," ಎಂದು ಫೋನಿಟ್ಟೆ. ಇಟ್ಟ ಮೇಲೆ ಬೆವರು ಬಂತು. ಹಿಂದಿನ ಕೋಣೆಗೆ ಓಡಿ ನೋಡಿದರೆ, ಇವರು ಉಳಿಗಳನ್ನು ಕೆಳಗಿಳಿಸಿ, ಅಗಲದ ಬದಲು ಉದ್ದದ ಪ್ರಕಾರ ಮತ್ತೆ ಜೋಡಿಸುತ್ತಿದ್ದರು. ಇವರನ್ನು ನಂಬಿದರೆ ಮರ್ಯಾದೆ ಮೂರುಕಾಸಿಗೆ ಎಂದು ಅಲ್ಲೇ ತೀರ್ಮಾನಿಸಿದೆ.

ಮರುದಿನ ಇವರು ಆಫೀಸಿಗೆ ಹೋದದ್ದೇ ತಡ, ಸೆರಗು ಸಿಕ್ಕಿಸಿ ಕೋಣೆಗೆ ನುಗ್ಗಿದೆ. ಅತ್ತೆಗೆ ವಿಷಯ ತಿಳಿಸಲೇಬೇಕಾಯಿತು. ಮಗಳ ಮುಂದೆ ಮಗನ ಮಾನ ಹೋಗುತ್ತದೆಂದು ಕೇಳಿ ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ನೀನು ಕುಯ್ಯೇ. ನಾನು ಬಾಗಿಲು ಕಾಯ್ತೀನಿ."

ಬ್ಲೌಸು ಕತ್ತರಿಸುವಾಗ ಬಳಸುವ ಸೀಮೆಸುಣ್ಣದಲ್ಲೇ ಹಲಗೆಯ ಮೇಲೆ ಗುರುತು ಹಾಕಿದೆ. ಅಭ್ಯಾಸಬಲದಿಂದ ಸುತ್ತಲೂ ಹೊಲಿಗೆಗೆಂದು ಒಂದಿಷ್ಟು ಜಾಸ್ತಿ ಬಿಟ್ಟೆ. ಮರವನ್ನು ಒಳಗೆ ಮಡಚಿ ಹೊಲಿಯಲಾಗದು ಎಂದು ಕುಯ್ದ ಮೇಲೆ ಹೊಳೆಯಿತು. ಸ್ಟೂಲು ಅಂದುಕೊಂಡದ್ದಕ್ಕಿಂತ ಅಗಲವಾಯಿತು. ಅತ್ತೆಯೂ ಅಗಲವೇ ಆದ್ದರಿಂದ ಹೊಂದಿಕೊಂಡಿತು. ಗರಗಸ ಎಳೆಯುತ್ತಿದ್ದಾಗಲೇ ಇವರ ಫೋನು ಬರಬೇಕೇ! ಎತ್ತಿದವರು ಅತ್ತೆ. ನಾನು ಫೋನಿನ ಸದ್ದು ಕೇಳದೆ ಕುಯ್ಯುತ್ತಲೇ ಇದ್ದೆ.

"ಅಮ್ಮಾ, ಏನದು ಗರಗರ ಸದ್ದು?" ಎಂದರಂತೆ.

"ನಿನ್ನ ಹೆಂಡ್ತಿ ಕೆಮ್ತಿದಾಳೆ ಕಣೋ."

ಇವರು ಬರುವಷ್ಟರಲ್ಲಿ ಹೊಟ್ಟು ಗುಡಿಸಿ, ಸಲಕರಣೆಗಳನ್ನು ಅದರದರ ನೆರಳಿಗೆ ಸೇರಿಸಿ, ಕುಯ್ದ ಮರವನ್ನು ಮಂಚದಡಿ ಬಚ್ಚಿಟ್ಟೆ. ಸಂಜೆ ಇವರು ಕೆಮ್ಮಿನ ಔಷಧಿ ತಂದುಕೊಟ್ಟರು. ಕುಡಿದೆ. ಇನ್ನೇನು ಮಾಡಲಿ?

ಎರಡನೆಯ ದಿನ ಕಾಲುಗಳನ್ನು ಕೂಡಿಸಿದೆ. ಹತ್ತರಿ ಹೊಡೆಯುವಾಗ ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುವ ಮರದ ಸಿಪ್ಪೆ, ಅದರ ವಾಸನೆ... ಹೇಳಲು ನಾಚಿಕೆ, ನನಗೆ ಹಾಡು ಬಂತು. ಸ್ಟೂಲು ಒಂದು ಕಡೆ ಕುಂಟುತ್ತಿತ್ತು. ಅತ್ತೆ ಮಗನ ಹಳೆಯ ಚಪ್ಪಲಿಯಿಂದ ಅಟ್ಟೆ ಕತ್ತರಿಸಿ ಆ ಕಾಲಿನಡಿ ಅಂಟಿಸಿದರು. ಅತ್ತೆಯ ಅಟ್ಟೆಯಿಂದ ಸ್ಟೂಲು ಅಲ್ಲಾಡದೆ ನಿಂತಿತು. ಅವರು ಕೂತರು, ಚಪ್ಪಲಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.

"ಚೆನ್ನಾಗಿದೆ ಕಣೇ," ಎಂದರು. ಇಷ್ಟು ವರ್ಷಗಳಲ್ಲಿ ನನ್ನ ಯಾವ ಕೆಲಸಕ್ಕೂ ಬಾರದ ಮಾತು. ನನಗೆ ಈ ಸಲ ನಿಜವಾಗಿಯೇ ಕೆಮ್ಮು ಬಂತು.

ಸಂಜೆ ಇವರು ಬಂದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಆರಾಮಾಗಿ ಕೂತರು, ಶೂ ಬಿಚ್ಚಿದರು, ಎದ್ದು ಒಳಗೆ ಹೋದರು. ಅಷ್ಟೆ! ಅತ್ತೆಯೂ ನಾನೂ ಮುಖಮುಖ ನೋಡಿಕೊಂಡೆವು. ಮರುಗಳಿಗೆ ಹಿಂದಿನ ಕೋಣೆಯಿಂದ ಚೀತ್ಕಾರ ಕೇಳಿಸಿತು.

"ಯಾರು? ಸುತ್ತಿಗೆ ಜಾಗದಲ್ಲಿ ಹತ್ತರಿ ಇಟ್ಟೋರು ಯಾರು? ಸಣ್ಣ ಉಳಿ ಎಲ್ಲಿ? ಈ ಮನೇಲಿ ಉಳಿಗೂ ಉಳಿಗಾಲ ಇಲ್ವಾ?"

"ಸ್ಟೂಲು ಮಾಡ್ದೆ ಕಣ್ರೀ."

"ಯಾವ ಸ್ಟೂಲು?"

"ಈಗ ಕೂತಿದ್ರಲ್ಲ, ಅದು!"

ಹೋಗಿ ನೋಡಿದರು. ತಲೆಕೆಳಗು ಮಾಡಿ ನೋಡಿದರು. ಕೂಡಿಕೆಗಳ ಮೇಲೆ ಬೆರಳಾಡಿಸಿದರು. ತಮ್ಮ ಚಪ್ಪಲಿಯ ಅಟ್ಟೆಯನ್ನು ಗುರುತಿಸಿದರು. ಮುಖ ಸಣ್ಣದಾಯಿತು. ನನಗೆ ಮಗುವಿನ ಆಟಿಕೆ ಕಿತ್ತುಕೊಂಡಂತಾಯಿತು. "ಭಾನುವಾರ ನೀವೇ ಮಾಡಿದ್ದು ಅಂತ ಹೇಳ್ತೀನಿ," ಎಂದು ಮೆಲ್ಲಗೆ ಹೇಳಿದೆ. ಇವರು ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸಮವಾಗಿ ಸರಿಸಿ ಒಳಗೆ ಹೋದರು.

ಭಾನುವಾರ ನಾದಿನಿ ಬಂದಳು. ಸ್ಟೂಲಿನ ಮೇಲೆ ಕೂತು, ಎದ್ದು, ಮತ್ತೆ ಕುಕ್ಕರಿಸಿ ಪರೀಕ್ಷಿಸಿದಳು. ಮುರಿಯಲಿಲ್ಲ.

"ಅಣ್ಣಾ, ನಿಜವಾಗ್ಲೂ ನೀನೇನಾ?"

"ನಾನಲ್ಲ," ಎಂದರು ಇವರು. "ನಿನ್ನ ಅತ್ತಿಗೆ. ನಾನು ಜೋಡಿಸ್ದೆ, ಅವಳು ಮಾಡಿದ್ಲು."

ನನಗೆ ಅಲ್ಲೇ ಅವರನ್ನು ಇನ್ನೊಂದು ಸಲ ಮದುವೆಯಾಗುವಷ್ಟು ಪ್ರೀತಿ ಬಂತು. ನಾದಿನಿ ತನಗೂ ಒಂದು ಸ್ಟೂಲು ಬೇಕೆಂದಳು. ಎದುರುಮನೆಯಾಕೆ ಕಾಲು ಮುರಿದ ಕುರ್ಚಿ ಹೊತ್ತುತಂದಳು. ಹೊಗಳಿಕೆ ನನ್ನ ನೆತ್ತಿಗೇರಿತು. ಮೊಳದುದ್ದ ಉಬ್ಬಿ, ಎಲ್ಲರೆದುರು ಘೋಷಿಸಿಬಿಟ್ಟೆ.

"ರೀ, ಇನ್ಮೇಲೆ ವರ್ಕ್‌ಶಾಪ್ ನಂದು. ನಿಮಗೆ ಜೋಡಿಸೋ ಚಟ ಅಷ್ಟಿದ್ರೆ ಅಡುಗೆಮನೆ ತಗೊಳ್ಳಿ!"

ತಮಾಷೆಗೆ ಹೇಳಿದ್ದು. ಆದರೆ ಇವರ ಕಣ್ಣಲ್ಲಿ ಒಂದು ಬೆಳಕು ಹತ್ತಿಕೊಂಡಿತು. ನೋಡಿಯೂ ನೋಡದವಳಂತೆ ಕುರ್ಚಿಯ ಕಾಲು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದೆ. ಮರುದಿನ ಇವರು ಆಫೀಸಿಗೆ ರಜೆ ಹಾಕಿದರು.

ಕುರ್ಚಿ ರಿಪೇರಿಯಾಗುವಷ್ಟರಲ್ಲಿ ಟೀ ಬೇಕೆನಿಸಿ ಅಡುಗೆಮನೆಗೆ ಬಂದೆ. ಬಾಗಿಲಲ್ಲೇ ನಿಂತೆ. ಕೈ ಚಾಚಿದರೆ ಸಿಗುವ ಹಾಗೆ ಪಾತ್ರೆಗಳು ಎತ್ತರದ ಪ್ರಕಾರ ನಿಂತಿದ್ದವು. ಸೌಟುಗಳೆಲ್ಲ ಒಂದೇ ಕಡೆ ಮುಖ ಮಾಡಿ ನೇತಾಡುತ್ತಿದ್ದವು. ನಾನು ವರ್ಷಗಟ್ಟಲೆ ಹುಡುಕಿ ಕೈಬಿಟ್ಟಿದ್ದ ಟೀ ಸೋಸುವ ಜಾಲರಿ, ಒಲೆಯ ಪಕ್ಕ ಮೊಳೆಯಿಂದ ಇಳಿಬಿದ್ದು ಹೊಳೆಯುತ್ತಿತ್ತು. ಅತ್ತೆ ಒಳಗೆ ಕುರ್ಚಿ ಹಾಕಿಕೊಂಡು, ಸಿನಿಮಾ ನೋಡುವವರಂತೆ ಕೂತಿದ್ದರು. ಸಕ್ಕರೆ ಎಲ್ಲಿ ಎಂದು ಹುಡುಕಲು ಒಂದು ಹೆಜ್ಜೆ ಇಟ್ಟೆ.

"ಹಾಂ ಹಾಂ! ಅಲ್ಲೇ ನಿಂತ್ಕೋ," ಎಂದರು ಇವರು, ಸೊಂಟಕ್ಕೆ ಟವೆಲು ಸಿಕ್ಕಿಸಿಕೊಂಡು. "ಮೈಯೆಲ್ಲ ಮರದ ಹೊಟ್ಟು. ಒಳಗೆ ಬರಬೇಡ. ಏನು ಬೇಕೋ ಹೇಳು, ಅಲ್ಲಿಗೇ ಬರುತ್ತೆ."

ನನ್ನ ಅಡುಗೆಮನೆಯ ಹೊಸ್ತಿಲಾಚೆ ನಿಂತು, ಕೆಲಸಕ್ಕೆ ಬಂದ ಬಡಗಿಯಂತೆ ಟೀ ಕೇಳಿದೆ. ಲೋಟ ಬಂತು. ಮೇಲೆ ತಟ್ಟೆ ಮುಚ್ಚಿತ್ತು. ಒಂದು ಗುಟುಕು ಕುಡಿದೆ. ಹದವಾದ ಸಿಹಿ, ಹದವಾದ ಬಿಸಿ. ಹಾಳಾದ್ದು, ತಪ್ಪು ಹುಡುಕೋಣವೆಂದು ಇನ್ನೊಂದು ಗುಟುಕು ಕುಡಿದೆ. ಸಿಗಲಿಲ್ಲ.

ಸಾಲದ್ದಕ್ಕೆ ಅತ್ತೆ ತಮ್ಮ ಲೋಟ ಕೆಳಗಿಟ್ಟು, ಬಾಯೊರೆಸಿಕೊಂಡು ಅಂದರು:

"ಬೇಜಾರು ಮಾಡ್ಕೋಬೇಡ ಕಣೇ. ಪಾಪ, ನೀನು ಇಷ್ಟು ವರ್ಷ ಸುಮ್ನೆ ತಪ್ಪು ಕೋಣೇಲಿದ್ದೆ."