ಮಾವ ಒಪ್ಪದ ಬಂಡಿಮನೆ

ಚಕ್ರದ ಮೇಲೆ ಮನೆ ಇಟ್ಟುಕೊಂಡವನಿಗೆ ಪೇಚಾಟ ತಪ್ಪಿದ್ದಲ್ಲ. ನೆಲದ ಮೇಲಿನ ಮನೆಗೆ ಸೂರು ಸೋರಿದರೆ ಸೂರೊಂದೇ ಸೋರುತ್ತದೆ. ನನಗೆ ಸೂರೂ ಸೋರುತ್ತಿತ್ತು, ಟೈರೂ ಹರಿಯುತ್ತಿತ್ತು, ಅಚ್ಚೂ ಕಿರುಗುಟ್ಟುತ್ತಿತ್ತು, ಸಾಲದ್ದಕ್ಕೆ ದಾರಿಯಲ್ಲಿ ಹೋಗೋರೆಲ್ಲ ನಿಂತು ಬುದ್ಧಿ ಬೇರೆ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದು ಇನ್ನೂ ಕೆಲವೇ ವರ್ಷ ಆಗಿದ್ದ ಕಾಲ ಅದು. ಈಗ ಹೇಳಿದರೆ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ. ನಾನು ಹೇಳುವಾಗ ಪಕ್ಕದಲ್ಲಿ ಕೂತು "ಅಂಗಲ್ಲ, ಇಂಗೆ" ಅಂತ ತಿದ್ದುತ್ತಿದ್ದವಳು ಈಗಿಲ್ಲ, ಅದೊಂದೇ ಸಂಕಟ. ತಪ್ಪಿದ್ದರೆ ನೀವೇ ಸರಿ ಮಾಡಿಕೊಳ್ಳಿ.

೧. ದೊರೆ ಬಿಟ್ಟುಹೋದ ಮನೆ

ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಯಲ್ಲಿ, ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ನಾನು ಮೆಕ್ಯಾನಿಕ್ಕು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಶಿಕಾರಿಗೆ ಹೋಗುವಾಗೆಲ್ಲ ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ ಹಳೇ ಟ್ರೇಲರನ್ನು ನನಗೆ ಕೊಟ್ಟ. ಎರಡು ಚಕ್ರ, ಮರದ ಮೈ, ಒಂದು ಬಾಗಿಲು, ಗಾಜಿನ ಕಿಟಕಿ, ಒಳಗೊಂದು ಮಂಚ, ಸ್ಟೌವು ಇಡೋಕೆ ಕಟ್ಟೆ. ಕಾರು ಮಾತ್ರ ಕೊಡಲಿಲ್ಲ. ನಾನೇ ಮುಂದಕ್ಕೆ ಮರದ ಮೂಕಿ ಕೂಡಿಸಿ, ನೊಗ ಕಟ್ಟಿ, ಒಂದು ಜೊತೆ ಎತ್ತು ಹೂಡಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಎಲ್ಲಿ ಸಂತೆಯೋ ಅಲ್ಲಿ ಹೋಗಿ ಗ್ಯಾಸ್‌ಲೈಟು, ಸ್ಟೌವು, ಹೊಲಿಗೆ ಮೆಷಿನ್ನು ರಿಪೇರಿ ಮಾಡುತ್ತಿದ್ದೆ. ಜನ ಅದಕ್ಕೆ ಬಂಡಿಮನೆ ಅಂತ ಹೆಸರಿಟ್ಟರು.

ಹೆಣ್ಣು ನೋಡಿದ್ದು ಮಿರ್ಲೆಯಲ್ಲಿ. ತಾಯಿಯಿಲ್ಲದ ಒಬ್ಬಳೇ ಮಗಳು. ಮಾತುಕತೆಯಲ್ಲಿ ಮಧ್ಯಸ್ಥರು "ಹುಡುಗನಿಗೆ ಸ್ವಂತ ಮನೆ ಐತೆ" ಅಂದಿದ್ದರು. ಸುಳ್ಳೇನಲ್ಲ. ಚಕ್ರ ಇರೋದನ್ನ ಹೇಳಿರಲಿಲ್ಲ, ಅಷ್ಟೇ.

ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ಬರೋಣ ಅಂತ ಬಂಡಿಮನೆಗೆ ಮಾವಿನ ತೋರಣ ಕಟ್ಟಿ ಮಿರ್ಲೆಗೆ ಹೊಡೆದುಕೊಂಡು ಹೋದೆ. ಮಾವ ಒಂದು ಸುತ್ತು ಬಂದರು. ಬಗ್ಗಿ ಚಕ್ರ ನೋಡಿದರು.

"ಇದೇನ್ ಅಳಿಯಂದ್ರೆ?"

"ಮನೆ, ಮಾವ."

"ಚಕ್ರ ಇದ್ರೆ ಅದು ಬಂಡಿ ಕಣ್ರಪ್ಪ. ಬಂಡೀಲಿ ಹುಲ್ಲು ಹೇರ್ತಾರೆ, ಗೊಬ್ಬರ ಹೇರ್ತಾರೆ. ಸಂಸಾರ ಹೇರಲ್ಲ. ಮನೆ ಮಾಡಿ, ಕಳಿಸ್ತೀನಿ."

"ನಾನು ದಿನಾ ಇದರಲ್ಲೇ ಲಿಂಗಪೂಜೆ ಮಾಡ್ತೀನಿ ಮಾವ!"

"ನೀವು ಮಾಡ್ತೀರಿ. ನಾನು ಮನೆ ಅಲ್ದಿರೋ ಕಡೆ ಪೂಜೆಗೆ ಕೂತೋನಲ್ಲ. ನಾನು ಕೂರೋವಂತ ಜಾಗ ಆದ ದಿನ ಅದನ್ನ ಮನೆ ಅಂತೀನಿ."

ಆಮೇಲೆ, ಇಷ್ಟು ದೂರ ಬಂದ ಬಂಡಿ ಖಾಲಿ ಹೋಗಬಾರದು ಅಂತ, ಹೆಂಡತಿ ಕೂರಬೇಕಾಗಿದ್ದ ಜಾಗದಲ್ಲಿ ಎರಡು ಹೊರೆ ಒಣಹುಲ್ಲು ಏರಿಸಿ ಕಳಿಸಿದರು.

೨. ಎತ್ತು ತಿಂದ ಚಕ್ರ

ಆ ಹುಲ್ಲು ಕೆಲಸಕ್ಕೆ ಬಂತು. ವೀರನಹೊಸಹಳ್ಳಿ ಹತ್ತಿರ ಎಡಗಡೆ ಟೈರು ಬಾಯಿ ಬಿಟ್ಟು ಟ್ಯೂಬು ಹರಿದುಹೋಯಿತು. ಅದು ದೊರೆಯ ದೇಶದ ಅಳತೆ, ಮೈಸೂರಿನಲ್ಲೂ ಸಿಗುತ್ತಿರಲಿಲ್ಲ. ಪ್ಯಾಚಿನ ಮೇಲೆ ಪ್ಯಾಚು ಹಾಕಿ ಹಾಕಿ ಟ್ಯೂಬಿಗಿಂತ ಪ್ಯಾಚೇ ಜಾಸ್ತಿಯಾಗಿತ್ತು. ಏನು ಮಾಡೋದು? ಮಾವನ ಮನೆ ಹುಲ್ಲನ್ನು ಬಿಗಿಯಾಗಿ ಹೊಸೆದು ಟೈರೊಳಗೆ ತುರುಕಿದೆ. ಜುಮ್ಮಂತ ಓಡಿತು.

ಮಧ್ಯಾಹ್ನ ಮರದಡಿ ನಿಲ್ಲಿಸಿ, ಎತ್ತು ಬಿಚ್ಚಿ ಚಕ್ರಕ್ಕೇ ಕಟ್ಟಿ, ಬುತ್ತಿ ತಿಂದು ಅಡ್ಡಾದೆ. ಅವಳ ಬಳೆ ಸದ್ದು ನೆನಪಾಗುತ್ತಿತ್ತು. ತಾಳಿ ಕಟ್ಟುವಾಗ ಹತ್ತಿರದಿಂದ ಕೇಳಿದ್ದು ಅದೊಂದೇ. ಹಾಗೇ ಕಣ್ಣು ಹತ್ತಿತು. ಎದ್ದು ನೋಡಿದರೆ ಬಂಡಿಮನೆ ಒಂದು ಕಡೆಗೆ ವಾಲಿಕೊಂಡಿದೆ! ಎತ್ತುಗಳು ಟೈರಿನ ಹರುಕಿನೊಳಗೆ ನಾಲಗೆ ಹಾಕಿ ಹುಲ್ಲನ್ನೆಲ್ಲ ಎಳೆದು ತಿಂದು, ತಣ್ಣಗೆ ಮೆಲುಕು ಹಾಕುತ್ತಿದ್ದವು. ಪಕ್ಕದಲ್ಲಿ ಕಾಡಿನವರ ಹಾಡಿಯ ಒಬ್ಬ ಅಜ್ಜ ಸೌದೆ ಹೊರೆ ಇಳಿಸಿಕೊಂಡು ನೋಡುತ್ತಾ ಕೂತಿದ್ದ.

"ನೋಡ್ಕಂಡು ಕೂತಿದ್ದೀಯಲ್ಲಜ್ಜ, ಓಡಿಸಬಾರ್ದಾಗಿತ್ತಾ?" ಅಂತ ರೇಗಿದೆ.

"ಮೇವು ಇಡಾಕೇ ಮಾಡ್ಸಿರೋ ಚಕ್ರ ಅನ್ಕಂಡೆ. ಬೋ ಅನುಕೂಲ ಬುಡು ಅಂತ ನೋಡ್ತಿದ್ದೆ."

ಪಾಪ, ಆಮೇಲೆ ಅವನೇ ಕಾಡುಬಳ್ಳಿ ಕೊಯ್ದು ತಂದು ನನ್ನ ಜೊತೆ ಕೂತು ಟೈರಿಗೆ ತುಂಬಿದ. ಹೊರಡುವಾಗ ಚಕ್ರ ತಟ್ಟಿ ಧೈರ್ಯ ಹೇಳಿದ: "ಇದನ್ನ ಎತ್ತು ಮುಟ್ಟಲ್ಲ. ಆನೆ ಬಂದ್ರೆ ಮಾತ್ರ ನಾನು ಹೇಳಾಕಾಗಲ್ಲಪ್ಪ."

೩. ಹೊರಗೆ ಬರಲೊಲ್ಲದ ಹಸು

ನಮ್ಮವ್ವ ಪಿರಿಯಾಪಟ್ಟಣದಲ್ಲಿ ಅಣ್ಣನ ಜೊತೆ ಇದ್ದಳು. ಮಾವನ ಮಾತು ಕೇಳಿ ಉರಿದುಬಿದ್ದಳು.

"ಮನೆ ಅಲ್ಲ ಅಂದ್ರಾ? ಗೃಹಪ್ರವೇಶ ಮಾಡಾನ ಕಣ್ಲಾ. ಆಮೇಲೆ ಅದ್ಯಾರು ಬಂಡಿ ಅಂತಾರೋ ನಾನೂ ನೋಡ್ತೀನಿ!"

ನಾನು ಸೂರಿಗೆ ಟಾರು ಬಳಿದೆ, ಬಾಗಿಲ ಕೀಲು ಬದಲಾಯಿಸಿದೆ, ಹೊಸಿಲಿಗೊಂದು ಹಲಗೆ ಹೊಡೆದು ಅರಿಸಿನ ಹಚ್ಚಿದೆ. ಪೂಜೆ ಮಾಡಿಸೋಕೆ ಅಯ್ನೋರು ಬಂದರು. ಮಾವನೂ ಮಗಳ ಜೊತೆ ಬಂದು ದೂರದಲ್ಲಿ ಮರದಡಿ ನಿಂತರು. ಅವಳು ಹಸಿರು ಸೀರೆ ಉಟ್ಟಿದ್ದಳು. ಇವತ್ತು ಇವಳನ್ನ ಕಳಿಸೇ ಕಳಿಸ್ತಾರೆ ಅಂತ ನನ್ನೆದೆ ಕುಣಿಯುತ್ತಿತ್ತು.

ಶಾಸ್ತ್ರದ ಪ್ರಕಾರ ಮೊದಲು ಹಸು ಒಳಗೆ ಹೋಗಬೇಕಲ್ಲ. ಹಲಗೆ ಇಳಿಜಾರಾಗಿ ಕೊಟ್ಟು ಹತ್ತಿಸಿದೆವು. ನಾಲ್ಕು ಹೆಜ್ಜೆ ಇಟ್ಟಿತೋ ಇಲ್ಲವೋ, ಲಟ್ ಅಂತ ನೆಲ ಮುರಿದು ಮುಂಗಾಲು ಕೆಳಗೆ ಇಳಿಯಿತು. ನಾನು ಗರಗಸ ಹಿಡಿದು ಬಂಡಿಯಡಿ ನುಗ್ಗಿ ತೂತು ದೊಡ್ಡದು ಮಾಡಿ ಕಾಲು ಬಿಡಿಸಿದೆ. ಸದ್ಯ, ಏಟಾಗಿರಲಿಲ್ಲ. ಆದರೆ ಹಸುವಿನ ಕಣ್ಣಿಗೆ ಪೂಜೆಯ ಬಾಳೆಹಣ್ಣು, ಬೆಲ್ಲ ಬಿದ್ದಿತ್ತು. ತಿಂದಿತು, ಕಿಟಕಿಯಿಂದ ಆಚೆ ನೋಡಿತು, ಜಪ್ಪಯ್ಯ ಅಂದರೂ ಹಿಂದಕ್ಕೆ ಹೆಜ್ಜೆ ಇಡಲಿಲ್ಲ. ತಿರುಗೋಕೆ ಜಾಗವೂ ಇಲ್ಲ. ಕೊನೆಗೆ ಗೃಹಪ್ರವೇಶದ ದಿನವೇ ನಾನು ಎದುರುಗಡೆ ಗೋಡೆ ಬಿಚ್ಚಲು ಶುರು ಮಾಡಿದೆ.

ಅಯ್ನೋರು ಸಮಾಧಾನ ಹೇಳಿದರು. "ಹಸು ಹೊರಗೆ ಬರಲ್ಲ ಅಂತೈತೆ ಅಂದ್ರೆ ಬಾಳಾ ಶುಭ. ಮನೆ ಅದಕ್ಕೆ ಒಪ್ಪಿಗೆ ಆಗೈತೆ."

"ಹಂಗಾದ್ರೆ ಹಸೂನೇ ಇಟ್ಕಳಿ ಅಯ್ನೋರೆ," ಅಂದರು ಮಾವ. "ನನ್ನ ಮಗಳನ್ನ ನಾನು ಕರ್ಕಂಡು ಹೋಯ್ತೀನಿ."

೪. ಎಮ್ಮೆ ಜೊತೆ ಮಾತು

ಬಿಚ್ಚಿದ ಗೋಡೆ ಕೂಡಿಸಿ, ನೆಲದ ತೂತಿಗೆ ತಗಡು ಬಡಿದು ಮತ್ತೆ ಸಂತೆ ತಿರುಗಿದೆ. ಕೃಷ್ಣರಾಜನಗರದ ಕಡೆಯಿಂದ ಬರುವಾಗ, ದೇವರು ಇದ್ದಾನೆ ನೋಡಿ, ಮಿರ್ಲೆಯ ಹತ್ತಿರವೇ ಬೇರಿಂಗು ಹೋಯಿತು. ಎತ್ತು ಕಷ್ಟಪಟ್ಟು ಎಳೆದುಕೊಂಡು ಹೋಗಿ ಮಾವನ ಮನೆ ಅಂಗಳದಲ್ಲಿ ನಿಲ್ಲಿಸಿದವು.

ಅಳಿಯನಿಗೆ ಉಪಚಾರಕ್ಕೇನೂ ಕಮ್ಮಿಯಿಲ್ಲ. ರೊಟ್ಟಿ, ಬೆಣ್ಣೆ, ಬಿಸಿನೀರು ಎಲ್ಲಾ ಬಂತು. ಮಲಗೋದು ಮಾತ್ರ ಜಗಲಿ ಮೇಲೆ, ಮಾವನ ಪಕ್ಕ. ದೊಡ್ಡವರ ಮುಂದೆ ಗಂಡ ಹೆಂಡತಿ ಮಾತಾಡುವ ಕಾಲವೂ ಅದಲ್ಲ. ನಾನು ಅಂಗಳದಲ್ಲಿ ಚಕ್ರ ಬಿಚ್ಚಿಕೊಂಡು ಕೂತಿದ್ದೆ, ಅವಳು ಅಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದಳು. ಮಾವ ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು.

ಅವಳು ಎಮ್ಮೆಗೆ ಹೇಳಿದಳು: "ನೋಡೇ, ಕೆಲವ್ರು ಹೊತ್ತೊತ್ತಿಗೆ ಉಣ್ಣದೆ ಎಂಗೆ ಸೊರಗವ್ರೆ."

ನಾನು ಚಕ್ರಕ್ಕೆ ಹೇಳಿದೆ: "ಬೇಯ್ಸಿ ಹಾಕೋರು ಇಲ್ಲ ಕಣಪ್ಪ."

"ಬೇಯ್ಸೋರ್ಗೆ ಇಲ್ಲಿ ತುತ್ತು ಇಳೀತಿಲ್ಲ ಕಣೇ," ಅಂತ ಎಮ್ಮೆ ಬೆನ್ನು ಉಜ್ಜಿದಳು. "ಇನ್ನೂ ಎಷ್ಟು ದಿನ ಅಂತ ಕೇಳು."

ನನಗೆ ದುಃಖ ಒತ್ತರಿಸಿ ಬಂತು. ಚಕ್ರ ಮರೆತು ಎಮ್ಮೆ ಕಡೆಗೇ ತಿರುಗಿ ಅಂದೆ: "ನಿಮ್ಮಪ್ಪ ಒಪ್ಪೋಗಂಟ!"

ಜಗಲಿಯಿಂದ, ಮುಚ್ಚಿದ ಕಣ್ಣು ಮುಚ್ಚಿದಂಗೇ, ಮಾವನ ದನಿ ಬಂತು: "ಎಮ್ಮೆ ಅಪ್ಪ ಕೋಣ ಕಣ್ರಪ್ಪ. ಅದು ಒಪ್ಪಲ್ಲ. ನೀವು ಅಚ್ಚಿಗೆ ಎಣ್ಣೆ ಹಾಕಿ."

೫. ಪೂಜೆಗೆ ಕೂತ ಮಾವ

ಹನಗೋಡಿನಲ್ಲಿ ಮಾವನ ನೆಂಟರ ಮನೆ ನಾಮಕರಣ. ಅಪ್ಪ ಮಗಳು ಹಿಂದಿನ ದಿನವೇ ಬಂದಿದ್ದರು. ನಾನು ಕೋಟೆ ಸಂತೆಗೆ ಹೊರಟವನು ಅಲ್ಲೇ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಬಂಡಿಮನೆ ನಿಲ್ಲಿಸಿದ್ದೆ. ಬೆಳಗ್ಗೆ ಮಾವ ಹೊಳೆಗೆ ಸ್ನಾನಕ್ಕೆ ಬಂದರು. ಹಿಂದೆ ಮಗಳು, ಕೈಯಲ್ಲಿ ಮಡಿಪಂಚೆ, ವಿಭೂತಿ, ಪೂಜೆ ಸಾಮಾನಿನ ಬುಟ್ಟಿ. ಸ್ನಾನ ಮುಗಿಸಿ ಪಂಚೆ ಸುತ್ತಿಕೊಳ್ಳುವಷ್ಟರಲ್ಲಿ ಧೋ ಅಂತ ಮಳೆ. ಹತ್ತಿರ ಇದ್ದ ಸೂರು ನನ್ನದೊಂದೇ.

"ಮಳೆ ನಿಲ್ಲೋಗಂಟ ಅಷ್ಟೇಯ," ಅಂತ ಹೇಳಿಯೇ ಮಾವ ಒಳಗೆ ಬಂದರು. ನಾನು ಮರ್ಯಾದೆಗೆ ಹೊರಗೆ ಗೋಣಿಚೀಲ ಹೊದ್ದು ನಿಂತೆ.

ಮಳೆ ನಿಲ್ಲಲಿಲ್ಲ. ಪೂಜೆ ಆಗದೆ ಮಾವ ಗುಟುಕು ನೀರೂ ಕುಡಿಯುವವರಲ್ಲ. ಅವಳು ಸುಮ್ಮನಿರಬೇಕಲ್ಲ, ನನ್ನ ಸ್ಟೌವು ಹಚ್ಚಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಘಮ ನನಗೇ ತಡೆಯಲಾಗಲಿಲ್ಲ.

"ಅಪ್ಪಾ, ಉಪ್ಪಿಟ್ಟು ಆಯ್ತು."

"ಪೂಜೆ ಆಗಿಲ್ವಲ್ಲವ್ವ."

"ಹಂಗಾದ್ರೆ ಹೊಟ್ಟೆ ಕಟ್ಕಂಡು ಕೂತಿರು."

ಆಮೇಲೆ ಮಾವನ ದನಿ ಮೆತ್ತಗೆ ಕೇಳಿತು. "ಒಂದು ಮಣೆ ಕೊಡು."

ಕೂತರು. ಎದೆಯ ಮೇಲಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ನೋಟ ನೆಟ್ಟರು. ಅವರ ಪೂಜೆ ಮಿರ್ಲೆಗೆಲ್ಲ ಗೊತ್ತು. ಮುಗಿಯೋವರೆಗೆ ಮಾತಿಲ್ಲ, ಮಣೆ ಬಿಟ್ಟು ಏಳೋದಿಲ್ಲ, ಮನೆಗೆ ಬೆಂಕಿ ಬಿದ್ದರೂ ಅಷ್ಟೇ.

ಮಳೆ ಹೊಳವಾಯಿತು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ನನ್ನ ಮುಖ ನೋಡಿ ನೇರವಾಗಿ ಅವಳು ಆಡಿದ ಮೊದಲ ಮಾತು ಯಾವುದು ಗೊತ್ತೇ?

"ಎತ್ತು ಹೂಡಿ."

"ಅಯ್ಯೋ, ನಿಮ್ಮಪ್ಪ ಒಳಗವ್ರೆ!"

"ಅದಕ್ಕೇ ಹೇಳ್ತಿರೋದು. ಹೂಡಿ ಬೇಗ."

ಹೂಡಿದೆ. ಅವಳು ಬುಟ್ಟಿಯೊಳಗಿಂದ ಸೇರು ತುಂಬ ಅಕ್ಕಿ ತೆಗೆದು ನನ್ನ ಹೊಸಿಲ ಮೇಲಿಟ್ಟಳು. ಕಳ್ಳಿ, ಹೊಳೆ ದಡದಲ್ಲಿ ಬಂಡಿಮನೆ ನಿಂತೈತೆ ಅಂತ ಕೇಳಿ ನೆಂಟರ ಮನೆ ಬಿಡುವಾಗಲೇ ತುಂಬಿಕೊಂಡು ಬಂದಿದ್ದಳು! ಬಲಗಾಲಲ್ಲಿ ಒದ್ದು ಒಳಗೆ ಹೋದಳು. ನಾನು ಚಕ್ರಕ್ಕೆ ಒಡ್ಡಿದ್ದ ಕಲ್ಲು ಎಳೆದೆ. ಹುಡುಗಿ ಹಾರಿಸಿಕೊಂಡು ಓಡಿದವರನ್ನು ಕೇಳಿದ್ದೇನೆ, ಕೈಹಿಡಿದ ಹೆಂಡತಿಯನ್ನು ಮಾವನ ಸಮೇತ ಹಾರಿಸಿಕೊಂಡು ಹೋದವನು ನಾನೊಬ್ಬನೇ ಇರಬೇಕು.

ಹಸು ಮಾಡಿದ ತೂತಿನ ತಗಡು ಅಷ್ಟು ಹೊತ್ತಿಗೆ ಸಡಿಲವಾಗಿತ್ತು. ಒದ್ದ ಅಕ್ಕಿ ಅದರೊಳಗಿಂದ ದಾರಿಯುದ್ದಕ್ಕೂ ಉದುರುತ್ತಾ ಬಂತು. ಗುಬ್ಬಚ್ಚಿಗಳು ಹಿಂದೆ ಬಿದ್ದವು. ಚಕ್ರ ಹಳ್ಳಕ್ಕೆ ಇಳಿದಾಗ ಒಳಗಿಂದ "ಊಂಹೂಂ!" ಅಂತ ಕೇಳುತ್ತಿತ್ತು. ಕಲ್ಲು ಹತ್ತಿದರೆ "ಊಂಹೂಂ! ಊಂಹೂಂ!" ಪೂಜೆ ಮಾತ್ರ ನಿಲ್ಲಲಿಲ್ಲ. ನಾನು "ನಿಧಾನ ಕಣ್ರಪ್ಪಾ, ಪೂಜೆ ಆಯ್ತಾ ಐತೆ" ಅಂತ ಎತ್ತುಗಳನ್ನು ಬೇಡಿಕೊಳ್ಳುತ್ತಿದ್ದೆ.

ಪೂಜೆ ಮುಗಿದು ಬಾಗಿಲು ತೆರೆಯಿತು. ನಾನು ಎತ್ತು ನಿಲ್ಲಿಸಿದೆ. ಹಣೆ ತುಂಬ ವಿಭೂತಿ, ಮಾವ ನಿಂತಿದ್ದಾರೆ. ಹೊಳೆ ಇಲ್ಲ, ಊರಿಲ್ಲ, ಸುತ್ತ ರಾಗಿ ಹೊಲ.

"ಅಳಿಯಂದ್ರೆ, ಹನಗೋಡು ಎಲ್ಲಿ?"

"ಹಿಂದಕ್ಕೆ ಹೋಯ್ತು ಮಾವ."

ಮಗಳು ಹಿಂದಿನಿಂದ ಕೇಳಿದಳು. "ಮನೆ ಅಲ್ದಿರೋ ಕಡೆ ನೀನು ಪೂಜೆಗೆ ಕೂರಲ್ವಲ್ಲಪ್ಪ. ಈಗ ಕೂತೆ. ಇದು ಬಂಡಿಯೋ, ಮನೆಯೋ? ನೀನೇ ಹೇಳು."

ಬಂಡಿ ಅಂದರೆ ಅವರ ಇಷ್ಟು ವರ್ಷದ ನೇಮ ಕೆಟ್ಟಿತು. ಮನೆ ಅಂದರೆ ಮಗಳು ಹೋದಳು. ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಚಕ್ರ ಐತೆ ಅಂತಲ್ಲ ಕಣವ್ವ ನಾನು ಬ್ಯಾಡ ಅಂದಿದ್ದು. ಮಗಳನ್ನ ಹುಣಸೂರಿಗೆ ಕೊಟ್ಟೋನು ನೆನಪಾದಾಗ ಹುಣಸೂರ ದಿಕ್ಕಿಗೆ ನೋಡ್ತಾನೆ. ಕೋಟೆಗೆ ಕೊಟ್ಟೋನು ಕೋಟೆ ದಿಕ್ಕಿಗೆ ನೋಡ್ತಾನೆ. ನೀನು ನೆನಪಾದ್ರೆ ನಾನು ಯಾವ ದಿಕ್ಕಿಗೆ ನೋಡ್ಲಿ?"

ಅವಳು ಅಳೋಕೆ ಶುರು ಮಾಡಿದಳು. ಅಷ್ಟು ದಿನವೂ ಹಂಬಲ ಅನ್ನೋದು ನನ್ನೊಬ್ಬನದೇ ಅಂದುಕೊಂಡಿದ್ದೆ. ನನ್ನ ಕಣ್ಣಲ್ಲೂ ನೀರು ಬಂತು.

ಮಾವ ಮೂಗು ಒರೆಸಿಕೊಂಡು, "ಎಲ್ಲವ್ವ ಉಪ್ಪಿಟ್ಟು?" ಅಂದರು. ಎರಡು ಸಲ ಹಾಕಿಸಿಕೊಂಡು ತಿಂದರು. ಕೈ ತೊಳೆದು, ಟವೆಲ್ಲು ತಲೆಗೆ ಸುತ್ತಿ, ಉದುರಿದ ಅಕ್ಕಿ ಜಾಡು ಹಿಡಿದು ಹನಗೋಡಿನ ಕಡೆ ಹೊರಟರು. ಸ್ವಲ್ಪ ದೂರ ಹೋದವರು ತಿರುಗಿ ನಿಂತು, ಹೊಲದಲ್ಲಿದ್ದವರೆಲ್ಲ ತಲೆಯೆತ್ತುವಂತೆ ಕೂಗಿದರು:

"ಅಳಿಯಂದ್ರೇ! ಗೌರಿ ಹಬ್ಬಕ್ಕೆ ಮಗಳನ್ನ ಕಳಿಸಿ ಅಂತ ನಾನು ಕೇಳಲ್ಲ! ಮನೇನೇ ಹೊಡ್ಕಂಡು ಬಂದ್ಬುಡಿ!"